ಪರೇಲಿನ ಪ್ರಯೋಗಶಾಲೆ ಮತ್ತು ಹಾಫ್ಕಿನ್ ಮಹಾಶಯರು

ಮನೆಯಲ್ಲಿ ಇಲಿ ಸತ್ತು ಬಿದ್ದಿತೆಂದರೆ ಬಾಗಿಲಿಗೆ ಬೀಗ ಹಾಕಿ, ಊರ ಹೊರಗಿನ ಹೊಲದಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದ ಕಾಲವೊಂದಿತ್ತು. ಆ ಪ್ಲೇಗು ಮಾರಿಯ ಕಥೆ ಕೇಳದ ಕನ್ನಡ ಮನೆತನ ವಿರಳ. 1898ರಲ್ಲಿ ಹುಬ್ಬಳ್ಳಿ, ಬೆಂಗಳೂರುಗಳು ಅದಕ್ಕೆ ಸಿಕ್ಕಿ ನಲುಗಿದವು. ಆಗ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಚುಚ್ಚಿಸಿಕೊಂಡ ಲಸಿಕೆ ಸಿದ್ಧವಾದದ್ದು ನಾವಿಂದು ನೆಲೆಸಿರುವ ಈ ಮುಂಬಯಿಯಲ್ಲಿಯೇ. ಅದನ್ನು ಕಂಡುಹಿಡಿದವರು ವಾಲ್ಡೆಮಾರ್ ಹಾಫ್ಕಿನ್.

ಹಾಫ್ಕಿನ್‌ರು 1860ರಲ್ಲಿ ಒಡೆಸ್ಸಾದ ಯಹೂದಿ ಮನೆತನದಲ್ಲಿ ಹುಟ್ಟಿದರು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಗೆ ಅವರು ಸೇರಿದ್ದು ಗ್ರಂಥಾಲಯದ ಸಹಾಯಕರಾಗಿ. ಬಿಡುವಿನಲ್ಲಿ ಸಂಶೋಧನೆ ನಡೆಸಿ, 1892ರಲ್ಲಿ ಕಾಲರಾ ಲಸಿಕೆಯನ್ನು ಸಿದ್ಧಪಡಿಸಿ ಮೊದಲು ತಮಗೇ ಚುಚ್ಚಿಕೊಂಡರು. ಮರುವರ್ಷ ಕಲಕತ್ತೆಗೆ ಬಂದರು.

1896ರಲ್ಲಿ ಮುಂಬಯಿಗೆ ಪ್ಲೇಗು ಬಡಿಯಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನ ಸಣ್ಣ ಕೋಣೆ, ಒಬ್ಬ ಗುಮಾಸ್ತ, ಮೂವರು ಜವಾನರು: ಇದಿಷ್ಟೇ ಅವರಿಗೆ ದೊರೆತ ಬಲ. ಮೂರೇ ತಿಂಗಳಲ್ಲಿ ಲಸಿಕೆ ಸಿದ್ಧವಾಯಿತು. 1897ರ ಜನವರಿ 10ರಂದು ಮತ್ತೆ ತಮ್ಮ ಮೈಮೇಲೆಯೇ ಪರೀಕ್ಷೆ ನಡೆಸಿದರು. ಆಮೇಲೆ ಬೈಕುಲಾ ಸೆರೆಮನೆಯಲ್ಲಿ, ಒಪ್ಪಿ ಮುಂದೆ ಬಂದ ಕೈದಿಗಳಿಗೆ ಕೊಟ್ಟರು. 1899ರಲ್ಲಿ ಪರೇಲಿನ ಹಳೆಯ ಸರಕಾರಿ ಭವನ ಅವರ ಪ್ರಯೋಗಶಾಲೆಯಾಯಿತು.

ಆದರೆ 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ಒಂದೇ ಸೀಸೆಯ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ವಿಚಾರಣೆ ನಡೆಸಿದವರು ಪ್ರಯೋಗಶಾಲೆಯ ಮೇಲೆ ದೋಷ ಹೊರಿಸಿದರು. ಹಾಫ್ಕಿನ್‌ರು ಪದವಿಯಿಂದ ದೂರವಾದರು. ಸೀಸೆ ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿಮಾಡದೆ ಬಳಸಲಾಗಿತ್ತು. ವಿಷ ಹೊಕ್ಕದ್ದು ಹಳ್ಳಿಯಲ್ಲಿ, ಮುಂಬಯಿಯಲ್ಲಲ್ಲ. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಅವರ ಪರವಾಗಿ ವಾದಿಸಿದರು. 1907ರಲ್ಲಿ ಕಳಂಕ ತೊಳೆಯಿತು. ಆದರೆ ಕಳೆದ ಐದು ವರ್ಷಗಳು ಮರಳಲಿಲ್ಲ, ಪರೇಲಿನ ಪೀಠವೂ ಮರಳಲಿಲ್ಲ. ಅವರು ಕಲಕತ್ತೆಯಲ್ಲಿ ದುಡಿದು ನಿವೃತ್ತರಾದರು. 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡರು.

1925ರಲ್ಲಿ, ಅವರು ಬದುಕಿದ್ದಾಗಲೇ, ಪರೇಲಿನ ಪ್ರಯೋಗಶಾಲೆಗೆ ಅವರ ಹೆಸರಿಡಲಾಯಿತು. 2020ರಲ್ಲಿ ಕೋವಿಡ್ ಬಂದಾಗ ಅಲ್ಲಿಯೇ ರೋಗಿಗಳ ಮಾದರಿಗಳ ಪರೀಕ್ಷೆ ನಡೆಯಿತು. ಮಾರಿ ಬಂದ ಮೇಲೆ ಪ್ರಯೋಗಶಾಲೆ ಕಟ್ಟಹೊರಟರೆ ಹೊತ್ತು ಮೀರಿರುತ್ತದೆ. ಒಳ್ಳೆಯ ಕಟ್ಟಡವಿದ್ದರೂ ಸಾಲದು. ಹಳ್ಳಿಯಲ್ಲಿ ಸೀಸೆ ತೆರೆಯುವ ಕೈಗೂ ತರಬೇತಿ ಬೇಕು. ಹಾಫ್ಕಿನ್‌ರ ಬಾಳು ನಮಗೆ ಕಲಿಸುವುದು ಇದನ್ನೇ. ಪರೇಲಿನ ಹಾದಿಯಲ್ಲಿ ಹೋಗುವಾಗ, ನಮ್ಮ ಹಿರಿಯರನ್ನು ಉಳಿಸಿದ ಆ ಮಹನೀಯರನ್ನು ಮಕ್ಕಳಿಗೆ ಪರಿಚಯಿಸೋಣ.