ಬಿಗಿಯೂ ನಲಿವೂ ಬಲ್ಲ ಗುರು: ಪಂಜೆ ಮಂಗೇಶರಾಯರು

ನೂರು ವರ್ಷ ಪೂರೈಸಿದ ಕನ್ನಡ ಶಾಲೆಯೊಂದು ತನ್ನ ಗುರುಪರಂಪರೆಯನ್ನು ನೆನೆಯುವಾಗ ಪಂಜೆ ಮಂಗೇಶರಾಯರನ್ನು ಮರೆಯುವಂತಿಲ್ಲ. ಅವರು ನಮ್ಮ ಶಾಲೆಯ ಅಧ್ಯಾಪಕರಾಗಿರಲಿಲ್ಲ. ಆದರೂ ಇಲ್ಲಿ ಅಕ್ಷರ ಕಲಿತವರಲ್ಲಿ ಅವರ ಪದ್ಯವನ್ನು ಹಾಡದವರು ವಿರಳ.

ರಾಯರು 1874ರಲ್ಲಿ ಬಂಟ್ವಾಳದಲ್ಲಿ ಜನಿಸಿದರು. ಮನೆಮಾತು ಕೊಂಕಣಿ, ಊರಮಾತು ತುಳು. ಕನ್ನಡವು ವಿದ್ಯೆಯ ಭಾಷೆ. ಆಗ ನಮ್ಮ ಕಾಸರಗೋಡು ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಬಡತನದಲ್ಲಿ ಓದಿ ಮೇಲೆ ಬಂದ ಅವರು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಮುಂದೆ ಶಾಲಾ ಇನ್ಸ್‌ಪೆಕ್ಟರರಾಗಿಯೂ ಮಡಿಕೇರಿಯ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿಯೂ ಸೇವೆ ಸಲ್ಲಿಸಿದರು.

ಇನ್ಸ್‌ಪೆಕ್ಟರರು ಬರುವರೆಂದರೆ ಮಕ್ಕಳಿಗಿಂತ ಮೊದಲು ಮಾಸ್ತರರೇ ಬೆವರುತ್ತಿದ್ದ ಕಾಲವದು. ಬೆತ್ತವೇ ಶಿಸ್ತೆಂದು ನಂಬಿದವರು ಬಹಳ ಮಂದಿ. ರಾಯರ ಶಿಸ್ತು ಬೇರೆ ಬಗೆಯದು. ಅದು ಭಾಷೆಯ ವಿಷಯದಲ್ಲಿತ್ತು. ಕೇಶಿರಾಜನ ಶಬ್ದಮಣಿದರ್ಪಣವೆಂಬ ಹಳಗನ್ನಡ ವ್ಯಾಕರಣಕ್ಕೆ ಕಿಟ್ಟೆಲರು ಸಿದ್ಧಪಡಿಸಿದ ಆವೃತ್ತಿಯನ್ನು ಮುಂದೆ ಪರಿಷ್ಕರಿಸಿದವರು ಈ ರಾಯರೇ. ಸೂತ್ರಸೂತ್ರವನ್ನೂ ತೂಗಿ ನೋಡಬೇಕಾದ ಕಠಿಣ ಕಾರ್ಯವದು. ಅದೇ ಲೇಖನಿಯಿಂದ ಒಡ್ಡನ ಓಟ, ಇಲಿಗಳ ತಕಥೈ ಮೊದಲಾದ ಕಥೆಗಳೂ ಹೊರಬಂದವು. ಮಕ್ಕಳಿಗಾಗಿ ಬರೆಯುವುದು ವಿದ್ವಾಂಸರಿಗೆ ತಕ್ಕ ಕೆಲಸವಲ್ಲವೆಂಬ ಭಾವನೆಯಿದ್ದ ದಿನಗಳಲ್ಲಿ ಅವರು ಮಂಗಳೂರಿನಲ್ಲಿ ಗೆಳೆಯರೊಡನೆ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು. ಪಠ್ಯಪುಸ್ತಕಗಳಿಗೆ ಪದ್ಯಗಳನ್ನು ಒದಗಿಸಿದರು. ಕವಿಶಿಷ್ಯನೆಂಬ ವಿನಯದ ಹೆಸರಿನಲ್ಲಿ ಬರೆದರು.

ಅವರ ನಾಗರ ಹಾವಿನ ಪದ್ಯವನ್ನೇ ನೋಡೋಣ. ಹಾವಿನ ಚೆಲುವಿಗೆ ಮರುಳಾಗಿ ಕರೆದ ಮಗುವೇ ಕೊನೆಗೆ ಅದಕ್ಕೆ ಕೈಮುಗಿದು ಹೊರಗೆ ಹೋಗೆನ್ನುತ್ತದೆ. ಪದಗಳು ಪುಟ್ಟವು, ಆದರೆ ಒಂದನ್ನು ಕಿತ್ತರೂ ಲಯ ಕುಂಟುತ್ತದೆ. ವ್ಯಾಕರಣದ ಹೆಸರೆತ್ತದೆಯೇ ಮಗುವಿನ ನಾಲಗೆಯು ಹ್ರಸ್ವ ದೀರ್ಘಗಳನ್ನು ತಿದ್ದಿಕೊಳ್ಳುತ್ತದೆ. ಗುರುವಿನ ಬಿಗಿಯನ್ನು ಶಿಷ್ಯನು ನಲಿವೆಂದೇ ಅರಿಯುತ್ತಾನೆ.

ತುಳು ಪಾಡ್ದನಗಳ ವೀರರಾದ ಕೋಟಿ ಚೆನ್ನಯರನ್ನು ಅವರು ಕನ್ನಡ ಗದ್ಯಕ್ಕೆ ತಂದರು. ಕೊಡವರ ಸುಗ್ಗಿಯನ್ನು ಕಂಡು ಬರೆದ ಹುತ್ತರಿ ಹಾಡು ಕೊಡಗಿನವರಿಗೆ ತಮ್ಮದೇ ನಾಡಗೀತೆಯಂತಾಯಿತು. ನೆರೆಯ ಭಾಷೆಗಳನ್ನು ಗೌರವಿಸುತ್ತಲೇ ಕನ್ನಡವನ್ನು ಬೆಳೆಸಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನವು ಅವರನ್ನು ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿತು. 1937ರಲ್ಲಿ ಅವರು ದೂರದ ಹೈದರಾಬಾದಿನಲ್ಲಿ ಕೊನೆಯುಸಿರೆಳೆದರು.

1956ರಲ್ಲಿ ರಾಜ್ಯಗಳ ಗಡಿ ಬದಲಾಯಿತು. ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ತರಗತಿಗಳಿಗೆ ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಮನೆಮಾತಿನ ಮಕ್ಕಳು ಬರುತ್ತಾರೆ. ಮನೆಯಲ್ಲಿಲ್ಲದ ಕನ್ನಡ ಮಗುವಿಗೆ ದಕ್ಕೀತೇ ಎಂದು ಹೆತ್ತವರು ಪ್ರವೇಶದ ದಿನಗಳಲ್ಲಿ ಕೇಳುವುದುಂಟು. ಆ ಆತಂಕ ಸಹಜವಾದದ್ದೇ. ಅದಕ್ಕೆ ನಾವು ಕೊಡಬಹುದಾದ ಉತ್ತರ ರಾಯರ ಬಾಳೇ ಆಗಿದೆ. ಆದರೆ ಆ ಉತ್ತರ ನಿಜವಾಗಬೇಕಾದರೆ ಶಿಕ್ಷಕರು ಅವರಂತೆ ಮೊದಲು ತಮ್ಮ ನುಡಿಯ ವಿಷಯದಲ್ಲಿ ಕಟ್ಟುನಿಟ್ಟಾಗಿರಬೇಕು. ಹೆತ್ತವರಲ್ಲಿ ವಿನಂತಿಯಿಷ್ಟೇ: ಮನೆಮಾತು ಯಾವುದೇ ಇರಲಿ, ಸಂಜೆ ಮಗುವಿನಿಂದ ಶಾಲೆಯಲ್ಲಿ ಕಲಿತ ಪದ್ಯವನ್ನೊಮ್ಮೆ ಹಾಡಿಸಿ ಕೇಳಿರಿ.