ಒಬ್ಬ ಡಾಕ್ಟರರಿಂದ ಆಗದ ಕೆಲಸ: ಡಾ. ಎಂ. ವಿ. ಗೋವಿಂದಸ್ವಾಮಿ

ಡಾ. ಎಂ. ವಿ. ಗೋವಿಂದಸ್ವಾಮಿ ಯಾರು ಎಂದು ನಮ್ಮ ಕ್ಲಾಸಿನಲ್ಲಿ ಕೇಳಿದರೆ ಬಹುಶಃ ಯಾರೂ ಕೈ ಎತ್ತುವುದಿಲ್ಲ. ಮನೋವೈದ್ಯರ ನಡುವೆ ಮಾತ್ರ ಅದು ಬಹಳ ದೊಡ್ಡ ಹೆಸರು. ಅವರು ಕಟ್ಟಿದ ಸಂಸ್ಥೆಯ ಹೆಸರು ಹೇಳಿದರೆ ನಮಗೂ ತಕ್ಷಣ ಗೊತ್ತಾಗುತ್ತದೆ. ಎಲೆಕ್ಟ್ರಾನಿಕ್ ಸಿಟಿಯಿಂದ ಹೊಸೂರು ರಸ್ತೆಯಲ್ಲಿ ಬಸ್ ಹತ್ತಿ, ಬೊಮ್ಮನಹಳ್ಳಿ, ಸಿಲ್ಕ್ ಬೋರ್ಡ್, ಮಡಿವಾಳ, ಡೈರಿ ಸರ್ಕಲ್ ದಾಟಿದರೆ ಸಿಗುವ ನಿಮ್ಹಾನ್ಸ್ ಅದು. ಕಂಡಕ್ಟರ್ ಆ ಸ್ಟಾಪಿನ ಹೆಸರು ಕೂಗಿದಾಗ ಕೆಲವರು ಮುಸಿಮುಸಿ ನಗುತ್ತಾರೆ. ಇಳಿಯಬೇಕಾದವರು ತಲೆ ತಗ್ಗಿಸಿ ಇಳಿಯುತ್ತಾರೆ. ಆ ನಗುವೂ ಆ ನಾಚಿಕೆಯೂ ಏಕೆ ಬೇಡ ಎಂದು ಗೋವಿಂದಸ್ವಾಮಿಯವರ ಜೀವನ ಓದಿದ ಮೇಲೆ ನನಗೆ ಚೆನ್ನಾಗಿ ಅರ್ಥವಾಯಿತು. ಅದಕ್ಕೇ ಈ ಲೇಖನ.

ನಾನು ವಾಣಿಜ್ಯ ವಿಭಾಗದಲ್ಲಿ ಓದುತ್ತಿದ್ದೇನೆ. ವೈದ್ಯಕೀಯದ ವಿಷಯ ನನಗೆ ಹೆಚ್ಚು ತಿಳಿಯದು. ಆದರೆ ವ್ಯವಹಾರ ಅಧ್ಯಯನದಲ್ಲಿ ನಿರ್ವಹಣೆ ಎಂದರೇನು ಎಂದು ನಾವೆಲ್ಲ ಓದಿದ್ದೇವೆ. ಬೇರೆ ಬೇರೆ ಜನರಿಂದ, ಒಟ್ಟಾಗಿ, ಒಂದು ಗುರಿಯ ಕಡೆಗೆ ಕೆಲಸ ಮಾಡಿಸುವುದೇ ನಿರ್ವಹಣೆ. ಗೋವಿಂದಸ್ವಾಮಿಯವರನ್ನು ನಾನು ಆ ಕಣ್ಣಿನಿಂದಲೇ ನೋಡಿದೆ.

ಅವರು ಹುಟ್ಟಿದ್ದು 1904ರಲ್ಲಿ. ಆಗ ಬೆಂಗಳೂರಿನಲ್ಲಿದ್ದದ್ದು ಲ್ಯುನಾಟಿಕ್ ಅಸೈಲಮ್, ಅಂದರೆ ಹುಚ್ಚಾಸ್ಪತ್ರೆ. ಅದು ಆಸ್ಪತ್ರೆ ಎನ್ನುವುದಕ್ಕಿಂತ ಜನರನ್ನು ಕೂಡಿಹಾಕುವ ಜಾಗವಾಗಿತ್ತು. 1925ರಲ್ಲಿ ಮೈಸೂರು ಸರ್ಕಾರ ಆ ಹೆಸರನ್ನು ತೆಗೆದು ಮೆಂಟಲ್ ಹಾಸ್ಪಿಟಲ್ ಎಂದು ಕರೆಯಿತು. ಹೆಸರು ಬದಲಾದರೆ ಏನಾಯಿತು ಎಂದು ನೀವು ಕೇಳಬಹುದು. ಕೈದಿ ಇದ್ದ ಜಾಗದಲ್ಲಿ ರೋಗಿ ಬಂದ. ರೋಗಿ ಎಂದ ಮೇಲೆ ಚಿಕಿತ್ಸೆ ಕೊಡಲೇಬೇಕು.

1930ರ ದಶಕದಲ್ಲಿ ಈ ಆಸ್ಪತ್ರೆ ಊರೊಳಗಿನ ಹಳೆಯ ಜಾಗ ಬಿಟ್ಟು ಹೊಸೂರು ರಸ್ತೆಯ ಲಕ್ಕಸಂದ್ರದ ಕಡೆಗೆ ಬಂತು. ಆಗ ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ನಮ್ಮ ಮನೆಗಳಲ್ಲಿ ಮಿರ್ಜಾ ಸಾಹೇಬರ ಹೆಸರನ್ನು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಬೃಂದಾವನ ಕಟ್ಟಿಸಿದರು, ಬೆಂಗಳೂರನ್ನು ಚೆಂದ ಮಾಡಿದರು ಎಂದು. ಹೊಸ ಮಾನಸಿಕ ಆಸ್ಪತ್ರೆಯೂ ಅವರ ಕಾಲದ್ದೇ ಎಂಬುದು ಅನೇಕರಿಗೆ ತಿಳಿದಿಲ್ಲ. ಅಲ್ಲಿನ ಮುಖ್ಯಸ್ಥರಾಗಿದ್ದ ಡಾ. ನೊರೋನ್ಹಾ ಅವರ ಯೋಚನೆಗೆ ದಿವಾನರ ಬೆಂಬಲ ಸೇರಿ, ಮರಗಿಡಗಳ ನಡುವೆ ಗಾಳಿ ಬೆಳಕು ಬರುವ ವಾರ್ಡುಗಳು ಎದ್ದವು. ಒಬ್ಬ ಮಹಾರಾಜ, ಒಬ್ಬ ಮುಸ್ಲಿಂ ದಿವಾನ, ಒಬ್ಬ ಕ್ರೈಸ್ತ ಡಾಕ್ಟರ್ ಸೇರಿ ಸಿದ್ಧ ಮಾಡಿದ ಈ ಜಾಗ ಮುಂದೆ ಗೋವಿಂದಸ್ವಾಮಿಯವರ ಕೈಗೆ ಬಂತು.

ಗೋವಿಂದಸ್ವಾಮಿಯವರು ವೈದ್ಯಕೀಯ ಓದಿದ ಮೇಲೆ ಲಂಡನ್ನಿನ ಮಾಡ್ಸ್ಲೆ ಆಸ್ಪತ್ರೆಯಲ್ಲೂ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲೂ ತರಬೇತಿ ಪಡೆದರು. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಆಗ ಮನೋವೈದ್ಯ ವಿಭಾಗದ ಮುಖ್ಯಸ್ಥರಾಗಿದ್ದವರು ಆಡಾಲ್ಫ್ ಮೇಯರ್. ರೋಗವನ್ನು ಮಾತ್ರ ನೋಡಿದರೆ ಸಾಲದು, ರೋಗಿಯ ಇಡೀ ಬದುಕನ್ನು ನೋಡಬೇಕು ಎಂಬುದು ಮೇಯರರ ಪಾಠ. ಹುಟ್ಟಿದಂದಿನಿಂದ ಏನೇನಾಯಿತು, ಯಾವ ಕೆಲಸ, ಯಾವ ಸಾವು, ಯಾವ ನಷ್ಟ ಎಂದೆಲ್ಲ ಅವರು ವರ್ಷದ ಪ್ರಕಾರ ಬರೆಸುತ್ತಿದ್ದರು. ಮೇಯರರ ಹೆಂಡತಿ ಮೇರಿ ರೋಗಿಗಳ ಮನೆಗಳಿಗೇ ಹೋಗಿ ಅಲ್ಲಿನ ಪರಿಸ್ಥಿತಿ ತಿಳಿದು ಬರುತ್ತಿದ್ದರು. ಮನೋವೈದ್ಯಕೀಯ ಸಮಾಜ ಕಾರ್ಯ ಎಂಬ ವೃತ್ತಿಗೆ ಅದು ಒಂದು ಮೊದಲ ಹೆಜ್ಜೆ ಎನ್ನುತ್ತಾರೆ.

ಇಂಥ ತರಬೇತಿ ಪಡೆದು ಬಂದ ಗೋವಿಂದಸ್ವಾಮಿಯವರು 1940ರ ದಶಕದಲ್ಲಿ ಬೆಂಗಳೂರಿನ ಆಸ್ಪತ್ರೆಯ ಮುಖ್ಯಸ್ಥರಾಗಿದ್ದರು. ಅವರ ಮುಂದಿದ್ದ ಕಷ್ಟ ಎಷ್ಟು ದೊಡ್ಡದು ಎಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. 1946ರಲ್ಲಿ ಭೋರ್ ಸಮಿತಿ ಭಾರತದ ಆರೋಗ್ಯ ವ್ಯವಸ್ಥೆಯ ಬಗ್ಗೆ ವರದಿ ಕೊಟ್ಟಿತು. ಅದರ ಪ್ರಕಾರ ಇಂಗ್ಲೆಂಡಿನಲ್ಲಿ ಸುಮಾರು 300 ಜನರಿಗೆ ಒಂದರಂತೆ ಮಾನಸಿಕ ಆಸ್ಪತ್ರೆಯ ಹಾಸಿಗೆ ಇತ್ತು. ಭಾರತದಲ್ಲಿ ಸುಮಾರು 40,000 ಜನರಿಗೆ ಒಂದು. ಲೆಕ್ಕಶಾಸ್ತ್ರ ಓದುವವರಿಗೆ ಇದರ ಅರ್ಥ ಬೇಗ ತಿಳಿಯುತ್ತದೆ. ಈ ಕೊರತೆಯನ್ನು ಬರೀ ಕಟ್ಟಡ ಕಟ್ಟಿ ತುಂಬಲು ಯಾವ ಸರ್ಕಾರದ ಬಜೆಟ್ಟೂ ಸಾಲದು. ಮೊದಲು ಜನ ಬೇಕು, ಕೆಲಸ ಬಲ್ಲ ಜನ. ಅಂಥವರನ್ನು ತಯಾರು ಮಾಡುವ ಸಂಸ್ಥೆ ದೇಶದಲ್ಲಿ ಬೇಕು ಎಂದು ಸಮಿತಿಯೂ ಹೇಳಿತು.

ಅದರಂತೆ 1954ರಲ್ಲಿ ಕೇಂದ್ರ ಸರ್ಕಾರ ಬೆಂಗಳೂರಿನ ಆಸ್ಪತ್ರೆಯ ಜೊತೆಗೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು ತೆರೆಯಿತು. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರಾದರು. ಅವರ ನಿಜವಾದ ದೊಡ್ಡತನ ಇಲ್ಲಿಂದ ಕಾಣುತ್ತದೆ. ಡಾಕ್ಟರುಗಳನ್ನು ಮಾತ್ರ ತಯಾರು ಮಾಡಿ ಅವರು ಸುಮ್ಮನಾಗಬಹುದಿತ್ತು. ಹಾಗೆ ಮಾಡಲಿಲ್ಲ. ಮೊದಲ ಕೆಲವು ವರ್ಷಗಳಲ್ಲೇ ವೈದ್ಯರಿಗೆ ಒಂದು ಡಿಪ್ಲೊಮಾ, ಮನೋವಿಜ್ಞಾನ ಓದಿದವರಿಗೆ ಒಂದು ಡಿಪ್ಲೊಮಾ, ನರ್ಸುಗಳಿಗೆ ಒಂದು ಡಿಪ್ಲೊಮಾ ಶುರುವಾದವು. ಮೂರೂ ಜನ ಒಂದೇ ಆವರಣದಲ್ಲಿ, ಅದೇ ರೋಗಿಗಳ ನಡುವೆ ಕಲಿಯುತ್ತಿದ್ದರು. ಸಂಸ್ಕೃತ ಮತ್ತು ಬೌದ್ಧ ಗ್ರಂಥಗಳ ವಿದ್ವಾಂಸರೆಂದು ಕನ್ನಡಿಗರಿಗೆ ಗೊತ್ತಿರುವ ಪ್ರೊ. ಸಾ. ಕೃ. ರಾಮಚಂದ್ರರಾಯರೂ ಈ ಸಂಸ್ಥೆಯ ಮನೋವಿಜ್ಞಾನ ವಿಭಾಗದಲ್ಲಿ ಕೆಲಸ ಮಾಡಿದವರು. ನಮ್ಮ ದೇಶದ ಜನರ ಮನಸ್ಸನ್ನು ತಿಳಿಯಲು ನಮ್ಮ ದೇಶದ ಚಿಂತನೆಯೂ ಗೊತ್ತಿರಬೇಕು ಎಂಬುದು ಗೋವಿಂದಸ್ವಾಮಿಯವರ ನಂಬಿಕೆಯಾಗಿತ್ತು.

ಇಂಥ ತಂಡ ಏಕೆ ಬೇಕು ಎಂಬುದನ್ನು ನಾನು ಪುಸ್ತಕದಿಂದ ಮಾತ್ರ ಕಲಿಯಲಿಲ್ಲ. ನನ್ನ ಹತ್ತಿರದ ಸಂಬಂಧಿಕರೊಬ್ಬರು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದರು. ಎರಡು ವರ್ಷದ ಹಿಂದೆ ಅವರಿಗೆ ನಿದ್ದೆ ಹೋಯಿತು. ಯಾರೋ ತಮ್ಮನ್ನು ಬೈಯುವುದು ಕೇಳಿಸುತ್ತದೆ ಎನ್ನತೊಡಗಿದರು. ಕೆಲಸ ಹೋಯಿತು. ದಾದಿ ದರ್ಗಾಕ್ಕೆ ಕರೆದುಕೊಂಡು ಹೋಗೋಣ ಎಂದರು, ಅಬ್ಬಾ ಆಸ್ಪತ್ರೆಗೆ ಎಂದರು. ಮನೆಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿದ್ದಾರೆ, ಸುದ್ದಿ ಹೊರಗೆ ಹೋದರೆ ರಿಶ್ತಾ ಬರುವುದಿಲ್ಲ ಎಂಬ ಭಯ ಬೇರೆ. ಮೂರು ತಿಂಗಳು ಹೀಗೇ ಹೋಯಿತು. ಕೊನೆಗೆ ದುವಾನೂ ಇರಲಿ, ದವಾನೂ ಇರಲಿ ಎಂದು ಅಮ್ಮಿ ತೀರ್ಮಾನ ಮಾಡಿದರು.

ಆಸ್ಪತ್ರೆಯಲ್ಲಿ ನಾನು ಕಂಡದ್ದು ಇದು. ಒಬ್ಬ ಡಾಕ್ಟರ್ ಬಹಳ ಹೊತ್ತು ಕೂತು ಎಲ್ಲವನ್ನೂ ಕೇಳಿ ಬರೆದುಕೊಂಡರು. ಇನ್ನೊಬ್ಬರು ಪ್ರಶ್ನೆಗಳಿದ್ದ ಹಾಳೆ ಇಟ್ಟುಕೊಂಡು ಪರೀಕ್ಷೆ ಮಾಡಿದರು. ಸಮಾಜ ಕಾರ್ಯಕರ್ತೆಯೊಬ್ಬರು ಬಾಡಿಗೆ ಎಷ್ಟು, ಮನೆಯಲ್ಲಿ ಯಾರು ದುಡಿಯುತ್ತಾರೆ, ಅಕ್ಕಪಕ್ಕದವರು ಹೇಗೆ ಎಂದು ವಿಚಾರಿಸಿದರು. ಮಾತ್ರೆ ಯಾವಾಗ ಕೊಡಬೇಕು, ಆರಾಮವಾಯಿತೆಂದು ನಾವೇ ನಿಲ್ಲಿಸಿದರೆ ಏನಾಗುತ್ತದೆ ಎಂದು ನರ್ಸ್ ವಿವರಿಸಿದರು. ಇಷ್ಟು ಜನ ಯಾಕೆ ಎಂದು ಅಬ್ಬಾ ಗಾಬರಿಯಾಗಿದ್ದರು. ಆಮೇಲೆ ಅರ್ಥವಾಯಿತು. ಮಾತ್ರೆ ಬರೆಯುವವರಿಗೆ ಬಾಡಿಗೆಯ ವಿಷಯ ಕೇಳಲು ಸಮಯವಿರುವುದಿಲ್ಲ. ಆದರೆ ಬಾಡಿಗೆ ಕಟ್ಟಲಾಗದ ಮನೆಯಲ್ಲಿ ಮಾತ್ರೆಯೂ ತಪ್ಪಿಹೋಗುತ್ತದೆ. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹಿಡಿಯಬೇಕು, ಹಿಡಿದದ್ದನ್ನು ಒಬ್ಬರಿಗೊಬ್ಬರು ಹೇಳಬೇಕು. ಹಾಗೆ ಹೇಳುವಂತೆ ನೋಡಿಕೊಳ್ಳುವುದೇ ತಂಡದ ಮುಖ್ಯಸ್ಥರ ಕೆಲಸ. ನಮ್ಮ ಸಂಬಂಧಿಕರು ಈಗ ಮತ್ತೆ ಹೊಲಿಗೆ ಮಾಡುತ್ತಿದ್ದಾರೆ, ಮನೆಯಲ್ಲೇ. ತಿಂಗಳಿಗೊಮ್ಮೆ ಹೋಗಿ ಮಾತ್ರೆ ತರುತ್ತಾರೆ.

ಗೋವಿಂದಸ್ವಾಮಿಯವರನ್ನು ಬರೀ ಹೊಗಳಿದರೆ ಈ ಲೇಖನ ಪ್ರಾಮಾಣಿಕವಾಗುವುದಿಲ್ಲ. 1940ರ ದಶಕದಲ್ಲಿ ಅವರು ಶಸ್ತ್ರಚಿಕಿತ್ಸಕ ಡಾ. ಬಾಲಕೃಷ್ಣರಾವ್ ಅವರ ಜೊತೆ ಸೇರಿ ಲ್ಯೂಕಾಟಮಿ ಎಂಬ ಮಿದುಳಿನ ಆಪರೇಷನ್ ಮಾಡಿಸಿದರು. ಮಿದುಳಿನ ಮುಂಭಾಗದ ಕೆಲವು ನರತಂತುಗಳನ್ನು ಕತ್ತರಿಸುವ ಚಿಕಿತ್ಸೆ ಅದು. 1944ರಲ್ಲಿ ಇದರ ಬಗ್ಗೆ ಇಬ್ಬರೂ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಆಗ ಪ್ರಪಂಚದ ದೊಡ್ಡ ದೊಡ್ಡ ಡಾಕ್ಟರುಗಳೂ ಇದನ್ನು ಮಾಡುತ್ತಿದ್ದರು. ಇದನ್ನು ಶುರು ಮಾಡಿದ ಪೋರ್ಚುಗಲ್ಲಿನ ಎಗಾಸ್ ಮೋನಿಸ್ ಅವರಿಗೆ 1949ರಲ್ಲಿ ನೊಬೆಲ್ ಬಹುಮಾನವೂ ಬಂತು. ಆದರೆ ಈ ಆಪರೇಷನ್ನಿನಿಂದ ಅನೇಕರು ಮಂಕಾದರು, ತಮ್ಮತನವನ್ನೇ ಕಳೆದುಕೊಂಡರು ಎಂದು ಮುಂದೆ ಜಗತ್ತಿಗೆ ತಿಳಿಯಿತು. 1950ರ ದಶಕದಲ್ಲಿ ಕ್ಲೋರ್‌ಪ್ರೊಮಜಿನ್ ಎಂಬ ಔಷಧಿ ಬಂದ ಮೇಲೆ ಇದು ನಿಂತುಹೋಗುತ್ತ ಬಂತು. ಔಷಧಿಯೇ ಇಲ್ಲದ ಕಾಲದಲ್ಲಿ, ರೋಗಿಯ ನೋವು ಕಣ್ಣ ಮುಂದಿರುವಾಗ ಏನು ಮಾಡಬೇಕಿತ್ತು ಎಂದು ಇವತ್ತು ಕೂತು ಹೇಳುವುದು ಸುಲಭ. ಆದರೂ ಆ ರೋಗಿಗಳ ಒಪ್ಪಿಗೆಯನ್ನು ಯಾರು ಕೇಳಿದರು ಎಂಬ ಪ್ರಶ್ನೆ ನನಗೆ ಉಳಿದೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ರೋಗಿಯ ಒಪ್ಪಿಗೆಗೂ ಹಕ್ಕುಗಳಿಗೂ ಇಷ್ಟು ಜಾಗ ಇರುವುದು ಇಂಥ ಇತಿಹಾಸದಿಂದಲೇ ಎಂದುಕೊಳ್ಳುತ್ತೇನೆ.

ಗೋವಿಂದಸ್ವಾಮಿಯವರು 1961ರಲ್ಲಿ, 60 ವರ್ಷ ತುಂಬುವ ಮೊದಲೇ ತೀರಿಕೊಂಡರು. ಸಂಸ್ಥೆಗೆ ಆಗ ಇನ್ನೂ ಏಳೇ ವರ್ಷ. ಪಾಲುದಾರ ತೀರಿಕೊಂಡಾಗ ಸಂಸ್ಥೆಯ ಲೆಕ್ಕ ಹೇಗೆ ಮಾಡಬೇಕು ಎಂದು ಲೆಕ್ಕಶಾಸ್ತ್ರದಲ್ಲಿ ನಮಗೆ ಒಂದು ಪಾಠವೇ ಇದೆ. ಆಸ್ತಿ ಎಷ್ಟು, ಸಾಲ ಎಷ್ಟು, ಗುಡ್‌ವಿಲ್ ಎಷ್ಟು ಎಂದು ನೋಡುತ್ತೇವೆ. ಇಲ್ಲಿ ಗುಡ್‌ವಿಲ್ ಎಂದರೆ ಅವರು ತಯಾರು ಮಾಡಿದ ಜನ. ಅವರು ಹೋದ ಮೇಲೂ ಕೆಲಸ ನಿಲ್ಲಲಿಲ್ಲ.

ಅಲ್ಲಿಯವರೆಗೂ ಒಂದೇ ಆವರಣದಲ್ಲಿ ಆಸ್ಪತ್ರೆ ರಾಜ್ಯ ಸರ್ಕಾರದ್ದು, ಶಿಕ್ಷಣ ಸಂಸ್ಥೆ ಕೇಂದ್ರ ಸರ್ಕಾರದ್ದಾಗಿತ್ತು. ಒಬ್ಬ ನೌಕರನಿಗೆ ಒಬ್ಬನೇ ಮೇಲಧಿಕಾರಿ ಇರಬೇಕು ಎಂದು ಹೆನ್ರಿ ಫಯೋಲ್ ಹೇಳಿದ ತತ್ವವನ್ನು ನಾವು ಪರೀಕ್ಷೆಗೆ ಬಾಯಿಪಾಠ ಮಾಡುತ್ತೇವಲ್ಲ, ಅದು ಇಲ್ಲಿ ಇರಲಿಲ್ಲ. 1974ರ ಡಿಸೆಂಬರ್ 27ರಂದು ಎರಡನ್ನೂ ಸೇರಿಸಿ ನಿಮ್ಹಾನ್ಸ್ ಮಾಡಿದರು.

ಅದಾದ ಮೇಲೆ ತಂಡ ಗೇಟಿನ ಹೊರಗೆ ಹೆಜ್ಜೆ ಇಟ್ಟಿತು. ನಮ್ಮ ಆನೇಕಲ್ ತಾಲ್ಲೂಕಿನಲ್ಲೇ, ಬನ್ನೇರುಘಟ್ಟ ಮತ್ತು ಜಿಗಣಿಗೆ ಹತ್ತಿರದ ಸಕಲವಾರದಲ್ಲಿ ಸಮುದಾಯ ಮಾನಸಿಕ ಆರೋಗ್ಯ ಕೇಂದ್ರ ಶುರುವಾಯಿತು. ಡಾ. ಆರ್. ಎಲ್. ಕಪೂರ್ ಮತ್ತು ಅವರ ನಂತರದವರು ಹಳ್ಳಿಗಳಿಗೆ ಹೋದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟರಿಗೂ, ಮನೆ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ರೋಗ ಗುರುತಿಸುವುದನ್ನು ಕಲಿಸಿದರು. 1985ರಿಂದ 1990ರವರೆಗೆ ಇದೇ ಕ್ರಮವನ್ನು ಸುಮಾರು 20 ಲಕ್ಷ ಜನರಿದ್ದ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿ ನೋಡಿದರು. ಅದು ನಡೆಯಿತು. 1996ರಲ್ಲಿ ಬಳ್ಳಾರಿಯ ಮಾದರಿಯಲ್ಲೇ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಆಸ್ಪತ್ರೆಯ ಒಳಗಿನ ತಂಡಕ್ಕೆ ಊರಿನ ಆರೋಗ್ಯ ಕಾರ್ಯಕರ್ತೆಯೂ ಸೇರಿಕೊಂಡಳು. ಇದನ್ನು ನೋಡಲು ಗೋವಿಂದಸ್ವಾಮಿಯವರು ಇರಲಿಲ್ಲ. ಆದರೆ ಬೇರೆ ಬೇರೆ ಕೆಲಸ ಬಲ್ಲವರು ಒಟ್ಟಿಗೆ ಕಲಿಯಬೇಕು ಎಂದು ಅವರು ಹಾಕಿದ ಅಡಿಪಾಯ ಇಲ್ಲದಿದ್ದರೆ ಇದು ಇಷ್ಟು ಬೇಗ ಆಗುತ್ತಿರಲಿಲ್ಲ ಎಂದು ನನ್ನ ಅನಿಸಿಕೆ.

ನಿಮ್ಹಾನ್ಸ್ ಆವರಣದ ಒಂದು ಕಟ್ಟಡಕ್ಕೆ ಈಗ ಅವರ ಹೆಸರಿದೆ. ನಾವು ಇರುವುದು ಕಾರ್ಖಾನೆಗಳ ಮತ್ತು ಐಟಿ ಕಂಪನಿಗಳ ನಡುವೆ. ರಾತ್ರಿ ಪಾಳಿ, ಟಾರ್ಗೆಟ್, ಸಾಲ, ಊರು ಬಿಟ್ಟು ಬಂದ ಒಂಟಿತನ, ಇವೆಲ್ಲ ನಮ್ಮ ಬೀದಿಯಲ್ಲೇ ಇವೆ. ಪರೀಕ್ಷೆಯ ಭಯ ನಮ್ಮ ಬೆಂಚಿನಲ್ಲೇ ಇದೆ. ಹಾಗಾಗಿ ನನ್ನ ಸ್ನೇಹಿತರಲ್ಲಿ ಎರಡು ವಿನಂತಿ. ಆ ಆಸ್ಪತ್ರೆಯ ಹೆಸರನ್ನು ಬೈಗುಳವಾಗಿ ಬಳಸಬೇಡಿ. ನಿಮ್ಮ ಪಕ್ಕದಲ್ಲಿ ಕೂತವರ ಮನೆಯವರು ಅಲ್ಲಿಂದ ಮಾತ್ರೆ ತರುತ್ತಿರಬಹುದು, ಅವರು ನಿಮಗೆ ಹೇಳಿರುವುದಿಲ್ಲ. ಎರಡನೆಯದು, ಯಾರಿಗಾದರೂ ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬದುಕುವುದೇ ಬೇಡ ಎನಿಸುತ್ತದೆ ಎಂದಾದರೆ ಮೂರು ತಿಂಗಳು ಕಾಯಬೇಡಿ. ನಿಮಗೆ ನಂಬಿಕೆಯಿರುವ ಒಬ್ಬ ಲೆಕ್ಚರರಿಗೆ ಹೇಳಿ. ಅದೂ ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮನಸ್ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಫೋನ್ ಎತ್ತುವವರು ಡಾಕ್ಟರೇ ಆಗಿರಬೇಕಿಲ್ಲ. ತರಬೇತಿ ಪಡೆದ ಸಲಹೆಗಾರರು ಮೊದಲು ಕೇಳಿಸಿಕೊಳ್ಳುತ್ತಾರೆ, ಬೇಕಾದರೆ ಮುಂದಿನವರಿಗೆ ಕೊಡುತ್ತಾರೆ.