ಅಪ್ಪನಿಗೆ ಸಿಗದ ತಲೆ ಎಣಿಕೆ

ಕರ್ನಾಟಕದಲ್ಲಿ ಅಪ್ಪ, ಮಗ ಇಬ್ಬರೂ ಮುಖ್ಯಮಂತ್ರಿಗಳಾದ ಮನೆಗಳು ಎರಡೇ. ಹಾಸನ ಜಿಲ್ಲೆಯ ದೇವೇಗೌಡರ ಮನೆ ಒಂದು, ಹುಬ್ಬಳ್ಳಿಯ ಬೊಮ್ಮಾಯಿಯವರ ಮನೆ ಇನ್ನೊಂದು. ಹೊರದೇಶದಲ್ಲಿ ಬೆಳೆಯುವ ನಮ್ಮ ಮಕ್ಕಳು ಈ ಎರಡನೆಯ ಹೆಸರು ಕೇಳಿರಲಿಕ್ಕಿಲ್ಲ. ಆದರೆ ಭಾರತದಲ್ಲಿ ಕಾನೂನು ಓದುವವರು ‘ಬೊಮ್ಮಾಯಿ ಕೇಸ್’ ಓದದೆ ಪರೀಕ್ಷೆ ದಾಟುವುದು ಕಷ್ಟ.

ಆ ಬೊಮ್ಮಾಯಿ ಅಪ್ಪ, ಎಸ್.ಆರ್. ಬೊಮ್ಮಾಯಿ. ವಕೀಲರು, ಕರ್ನಾಟಕ ಏಕೀಕರಣ ಚಳವಳಿಯಲ್ಲಿ ಓಡಾಡಿದವರು, ಚಿಂತಕ ಎಂ.ಎನ್. ರಾಯ್ ಅವರ ವಿಚಾರಗಳನ್ನು ಮೆಚ್ಚಿಕೊಂಡವರು. 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟಾಗ ಮುಖ್ಯಮಂತ್ರಿ ಕುರ್ಚಿ ಇವರ ಪಾಲಿಗೆ ಬಂತು. ಎಂಟೇ ತಿಂಗಳು. 19 ಶಾಸಕರು ಬೆಂಬಲ ವಾಪಸು ಪಡೆದಿದ್ದಾರೆಂಬ ಪತ್ರಗಳು ರಾಜ್ಯಪಾಲರ ಕೈ ಸೇರಿದವು. ಅವರಲ್ಲಿ ಏಳು ಮಂದಿ, ತಮ್ಮನ್ನು ದಾರಿ ತಪ್ಪಿಸಿ ಸಹಿ ಹಾಕಿಸಿಕೊಂಡರೆಂದು ಮತ್ತೆ ಬರೆದರು. ಸದನ ಕರೆಯುತ್ತೇವೆ, ಅಲ್ಲೇ ತಲೆ ಎಣಿಸಿಬಿಡಿ ಎಂದರು ಬೊಮ್ಮಾಯಿ. ಕೇಳುವವರು ಯಾರು? 1989ರ ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು, ರಾಷ್ಟ್ರಪತಿ ಆಳ್ವಿಕೆ ಬಂತು.

ತರಗತಿಯ ಲೀಡರ್ ಬೇಡವೆಂದು ನಾಲ್ಕು ಮಕ್ಕಳು ಚೀಟಿ ಬರೆದುಕೊಟ್ಟರು ಅನ್ನೋಣ. ಮೇಷ್ಟ್ರು ತರಗತಿಗೆ ಬಂದು ಕೈ ಎತ್ತಿಸಿ ನೋಡುವುದು ಬಿಟ್ಟು, ಸ್ಟಾಫ್ ರೂಮಿನಲ್ಲೇ ಕೂತು ಲೀಡರನ್ನು ಇಳಿಸಿದರೆ ಹೇಗೆ? ಹೆಚ್ಚು ಕಡಿಮೆ ಹಾಗೆಯೇ ಆಗಿತ್ತು.

ಬೊಮ್ಮಾಯಿ ಕೋರ್ಟಿಗೆ ಹೋದರು. ಹೈಕೋರ್ಟಿನಲ್ಲಿ ಸೋಲು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು: ಬಹುಮತ ಪರೀಕ್ಷೆಯಾಗಬೇಕಾದ ಜಾಗ ಸದನ, ರಾಜಭವನವಲ್ಲ. ಅಷ್ಟು ಹೊತ್ತಿಗೆ ಚುನಾವಣೆ ಮುಗಿದು ಬೇರೆ ಸರ್ಕಾರಗಳು ಬಂದಿದ್ದವು. ಕೇಸು ಗೆದ್ದರೂ ಕುರ್ಚಿ ಮರಳಲಿಲ್ಲ.

ಮಗ ಬಸವರಾಜ ಬೊಮ್ಮಾಯಿ ಹುಬ್ಬಳ್ಳಿಯಲ್ಲೇ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. ಅಪ್ಪನ ಜನತಾ ಪರಿವಾರದಲ್ಲೇ ಬೆಳೆದವರು, ಅಪ್ಪ ತೀರಿಕೊಂಡ ಮರುವರ್ಷ, 2008ರಲ್ಲಿ, ಬಿಜೆಪಿ ಸೇರಿದರು. ಬಾಬರಿ ಮಸೀದಿ ಉರುಳಿದ ಮೇಲೆ ಮೂರು ರಾಜ್ಯಗಳ ಬಿಜೆಪಿ ಸರ್ಕಾರಗಳನ್ನು ವಜಾ ಮಾಡಿದ್ದು ಸರಿಯೆಂದು ಹೇಳಿದ್ದೂ ಅಪ್ಪನ ಹೆಸರಿನ ಆ ತೀರ್ಪೇ. ಮಗ ಆ ಪಕ್ಷಕ್ಕೇ ಹೋದದ್ದನ್ನು ಹಳೆಯ ಜನತಾದಳದವರು ಸುಲಭಕ್ಕೆ ಅರಗಿಸಿಕೊಂಡಿರಲಾರರು.

ಇನ್ನೊಂದು ಸೋಜಿಗ 2019ರದು. ಜುಲೈ 23ರಂದು ವಿಧಾನಸಭೆಯಲ್ಲಿ ತಲೆ ಎಣಿಸಿದಾಗ ದೇವೇಗೌಡರ ಮಗ, ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರ ಪರ 99, ವಿರುದ್ಧ 105. ಅಪ್ಪ ಕೇಳಿ ಕೇಳಿ ಸಿಗದಿದ್ದ ಆ ಎಣಿಕೆಯೇ ಮಗನ ಪಕ್ಷಕ್ಕೆ ಅಧಿಕಾರ ತಂದಿತು. ಬಸವರಾಜ ಗೃಹಸಚಿವರಾದರು. 2021ರಲ್ಲಿ ಯಡಿಯೂರಪ್ಪ ರಾಜೀನಾಮೆ ಕೊಟ್ಟಾಗ ಮುಖ್ಯಮಂತ್ರಿಯೂ ಆದರು. ಅಪ್ಪನ ಹಾಗೆಯೇ, ಅವಧಿಯ ನಡುವೆ, ಹಿರಿಯರೊಬ್ಬರು ಬಿಟ್ಟ ಕುರ್ಚಿಗೆ. ಅವರನ್ನು ಇಳಿಸಿದ್ದು ಮಾತ್ರ 2023ರ ಚುನಾವಣೆ.

ಮರುವರ್ಷ ಬಸವರಾಜ ಹಾವೇರಿಯಿಂದ ಲೋಕಸಭೆಗೆ ಹೋದರು. ತೆರವಾದ ಶಿಗ್ಗಾವಿ ಕ್ಷೇತ್ರದ ಉಪಚುನಾವಣೆಗೆ ಮೂರನೇ ತಲೆಮಾರಿನ ಭರತ್ ಬೊಮ್ಮಾಯಿ ನಿಂತರು. ಗೆದ್ದದ್ದು ಕಾಂಗ್ರೆಸ್‌ನ ಯಾಸಿರ್ ಅಹ್ಮದ್ ಖಾನ್ ಪಠಾಣ್.